ಕಾದಂಬರಿಯ ಮಾತುಕತೆಯಲ್ಲಿ ಊರ ಭಾಷೆ ಎಷ್ಟಿರಬೇಕು? ನಾಲ್ಕನೇ ಅಧ್ಯಾಯದಲ್ಲಿ ನಿಂತಿದ್ದೇನೆ

ಕೆಂಪುಮೆಣಸು

ಎಲ್ಲರಿಗೂ ನಮಸ್ಕಾರ. ಕಾದಂಬರಿ ಬರೆಯುತ್ತಿದ್ದೇನೆ, ಮೊದಲನೆಯದು. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ನಡೆಯುವ ಕತೆ. ಒಂದು ದಲಾಲಿ ಅಂಗಡಿ, ಅಲ್ಲಿ ಕಾಯಿಯ ತೊಟ್ಟು ಬಿಡಿಸಲು ಬರುವ ಹೆಂಗಸರು. ಅವರಲ್ಲಿ ಒಬ್ಬಳ ಮಗಳು ಡಿಗ್ರಿ ಮುಗಿಸಿ ಅದೇ ಅಂಗಡಿಗೆ ಲೆಕ್ಕ ಬರೆಯಲು ಸೇರುತ್ತಾಳೆ. ಸದ್ಯಕ್ಕೆ ಇಷ್ಟು.

ನಿರೂಪಣೆ ಬರೆಯುವಾಗ ಪುಸ್ತಕದ ಕನ್ನಡ ಸಲೀಸಾಗಿ ಬರುತ್ತದೆ. ಮಾತುಕತೆ ಬರೆಯುವಾಗ ಮಾತ್ರ ನಮ್ಮ ಹಾವೇರಿ ಕಡೆಯದೇ ಬರುತ್ತದೆ. ಬೇರೆ ಥರ ಬರೆಯಲು ಹೋದರೆ ಆ ಹೆಂಗಸರು ಬಾಯಿಯೇ ಬಿಡುವುದಿಲ್ಲ. ಒಂದು ತುಣುಕು ನೋಡಿ:

"ಯವ್ವಾ, ನಾಳಿ ತುಂಬು ಬಿಡಸಾಕ ಬರ್ತಿಯೇನ?"
"ಬರ್ತೀನಿ ತಡಿಯವ್ವಾ. ಮೊನ್ನಿದು ಪಗಾರನ ಕೊಟ್ಟಿಲ್ಲ ಸಾವಕಾರ್ರು."
"ಕೊಡ್ತಾರ. ರೇಟ್ ಏರವಲ್ದು, ಅವರರ ಏನ್ ಮಾಡ್ತಾರ."

ಇದನ್ನು ಬೆಂಗಳೂರಿನ ಗೆಳತಿಗೆ ಓದಲು ಕೊಟ್ಟೆ. ತುಂಬಾ ಓದುವವಳು ಅವಳು. ಆದರೂ "ತುಂಬು ಬಿಡಸಾಕ" ಅಂದರೆ ಚೀಲಕ್ಕೆ ಕಾಯಿ ತುಂಬುವ ಕೆಲಸ ಅಂದುಕೊಂಡಳು. ನಮ್ಮಲ್ಲಿ ತುಂಬು ಅಂದರೆ ತೊಟ್ಟು. "ಇಷ್ಟು ದಟ್ಟವಾಗಿ ಬರೆದರೆ ಈ ಕಡೆ ಯಾರು ಓದುತ್ತಾರೆ?" ಅಂತ ಕೇಳಿದಳು. ಅಲ್ಲಿಂದ ಮುಂದೆ ಒಂದು ಸಾಲೂ ಬರೆಯಲು ಆಗುತ್ತಿಲ್ಲ. ಎಷ್ಟು ಇಡಬೇಕು, ಎಷ್ಟು ಬಿಡಬೇಕು? ಇದನ್ನು ಚೆನ್ನಾಗಿ ನಿಭಾಯಿಸಿರುವ ಪುಸ್ತಕಗಳಿದ್ದರೆ ಹೇಳಿ.

ರಾಗಿಮುದ್ದೆ

ನಾನು ಮಂಡ್ಯದವನು. ತುಂಬು ಒಂದು ಬಿಟ್ಟು ಬೇರೆ ಎಲ್ಲ ಅರ್ಥವಾಯಿತು. ಹೀಗೇ ಬರೆಯಿರಿ.

ಮೆಟ್ರೋ ಓದುಗ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಫೀಸು ಮುಗಿಸಿ ಬರುವಾಗ ನಿಂತುಕೊಂಡೇ ಓದುವವನು ನಾನು. ಪ್ರತಿ ಸಾಲಿಗೂ ತಡೆದು ಅರ್ಥ ಹುಡುಕಬೇಕು ಅಂದರೆ ಕತೆಯ ಎಳೆ ತಪ್ಪುತ್ತದೆ. ಊರು ನಿರೂಪಣೆಯಲ್ಲಿ ಬರಲಿ. ಮಾತು ಎಲ್ಲರಿಗೂ ತಿಳಿಯುವ ಹಾಗಿರಲಿ. ಅಲ್ಲಲ್ಲಿ ಒಂದು "ಯವ್ವಾ", ಒಂದು "ಏನ್ರೀ" ಹಾಕಿದರೆ ಸಾಕಲ್ವಾ? ಭೈರಪ್ಪನವರನ್ನು ಇಷ್ಟೊಂದು ಜನ ಯಾಕೆ ಓದಿದರು? ಓದಿಸಿಕೊಂಡು ಹೋಗುತ್ತದೆ, ಅದಕ್ಕೆ.

ಕಪಿಲಾತೀರ

ಮೆಟ್ರೋ ಓದುಗರೇ, ಭೈರಪ್ಪನವರ ಹೆಸರು ನೀವೇ ತೆಗೆದಿರಿ, ಹಾಗಾಗಿ 'ಗೃಹಭಂಗ'ದಿಂದಲೇ ಶುರು ಮಾಡೋಣ. 1970ರ ಕಾದಂಬರಿ. ಅದರಲ್ಲಿ ಗಂಗಮ್ಮ ಬಾಯಿ ತೆಗೆದರೆ ಬರುವ ಬೈಗುಳ ಯಾವ ಕನ್ನಡ? ಆ ಊರಿನ, ಆ ಮನೆಯ ಕನ್ನಡ. ಗಂಗಮ್ಮನಿಗೆ ಪಾಠಪುಸ್ತಕದ ಮಾತು ಕೊಟ್ಟಿದ್ದರೆ ಅವಳಿಗೆ ಯಾರೂ ಹೆದರುತ್ತಿರಲಿಲ್ಲ. ಓದಿಸಿಕೊಂಡು ಹೋಗುವುದಕ್ಕೂ ಊರ ಮಾತಿಗೂ ಜಗಳವೇ ಇಲ್ಲ.

ಇನ್ನು ನಮ್ಮ ಕಡೆಯ ಪುಸ್ತಕ. ದೇವನೂರ ಮಹಾದೇವ ಅವರ 'ಕುಸುಮಬಾಲೆ', 1984. ನಂಜನಗೂಡು ಸೀಮೆಯ ಮಾತು. ಅಲ್ಲಿ ಮಾತುಕತೆ ಒಂದೇ ಅಲ್ಲ, ಕತೆ ಹೇಳುವ ದನಿಯೇ ಆ ಮಾತಿನಲ್ಲಿದೆ. ರಾತ್ರಿ ದೀಪಗಳಿಂದ ಜೋತಮ್ಮಂದಿರು ಎದ್ದು ಬಂದು ಮಾತಿಗೆ ಕೂರುತ್ತಾರೆ. ಅವರನ್ನು ಪೇಪರಿನ ಕನ್ನಡದಲ್ಲಿ ಮಾತಾಡಿಸಲು ಸಾಧ್ಯವೇ? ಬಂದಾಗ ಅರ್ಥವಾಗುವುದಿಲ್ಲ ಅಂತ ಎಷ್ಟೋ ಜನ ದೂರಿದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈಗಲೂ ಹುಡುಗರು ಹುಡುಕಿಕೊಂಡು ಓದುತ್ತಾರೆ. ಕೆಂಪುಮೆಣಸು ಅವರೇ, ಒಂದಕ್ಷರವನ್ನೂ ತೆಳುಮಾಡಬೇಡಿ.

ಮೆಟ್ರೋ ಓದುಗ

'ಕುಸುಮಬಾಲೆ' ದೊಡ್ಡ ಪುಸ್ತಕ, ಒಪ್ಪಿದೆ. ಆದರೆ ಪುಟದಲ್ಲಿ ಪುಟ್ಟದು. ಮುನ್ನೂರು ಪುಟ ಅದೇ ಹದದಲ್ಲಿ ಬರೆದರೆ? ಮೊದಲ ಕಾದಂಬರಿ ಬರೆಯುವವರಿಗೆ ಅದನ್ನು ಮಾದರಿಯಾಗಿ ತೋರಿಸುವುದು ಭಾರ ಹೊರಿಸಿದ ಹಾಗೆ.

ಕಲಬುರ್ಗಿ ಬಿಸಿಲು

ಮುನ್ನೂರು ಪುಟ ಬರೆದವರಿದ್ದಾರೆ ಸರ್. ಗೀತಾ ನಾಗಭೂಷಣ ಅವರ 'ಬದುಕು' ಓದಿ. ನಮ್ಮ ಕಲಬುರ್ಗಿ ಮಂದಿಯ ಮಾತು ತುಂಬಿ ತುಳುಕುತ್ತದೆ. 2004ರಲ್ಲಿ ಅದಕ್ಕೂ ಅಕಾಡೆಮಿ ಪ್ರಶಸ್ತಿ ಬಂದಿದೆ. ಕುಂ. ವೀರಭದ್ರಪ್ಪನವರ 'ಅರಮನೆ'ಗೆ 2007ರಲ್ಲಿ ಬಂತು, ಅದೇನು ಸಣ್ಣ ಪುಸ್ತಕವೇ? ಎರಡನ್ನೂ ನಮ್ಮೂರ ಲೈಬ್ರರಿಯಲ್ಲಿ ಓದಿದೆ. ನಮ್ಮವ್ವ ಮಾತಾಡುವ ಮಾತು ಅಚ್ಚಿನಲ್ಲಿ ಕಂಡಾಗ ಆದ ಖುಷಿ ಈಗಲೂ ನೆನಪಿದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಯಾರೂ "ಉತ್ತರ ಕರ್ನಾಟಕದ ಭಾಷೆ" ಅಂತ ಒಂದೇ ಗಂಟು ಕಟ್ಟಬೇಡಿ. ಹಾವೇರಿಯವರು "ಮಾಡಾಕತ್ತೀನಿ" ಅಂದರೆ ಧಾರವಾಡದ ಕೆಲವು ಮನೆಗಳಲ್ಲಿ "ಮಾಡ್ಲಿಕತ್ತೀನಿ", ನಮ್ಮಲ್ಲಿ "ಮಾಡ್ಲತ್ತೀನಿ". ಸಿನಿಮಾದಲ್ಲಿ ಮೂರನ್ನೂ ಕಲಸಿ ಒಬ್ಬನೇ ಹಾಸ್ಯನಟನ ಬಾಯಿಗೆ ಹಾಕುತ್ತಾರೆ. ಅದನ್ನು ನೋಡಿ ಸಿಟ್ಟು ಬರುತ್ತದೆ.

ಕೆಂಪುಮೆಣಸು

ಸಿನಿಮಾದ ಮಾತು ನೂರಕ್ಕೆ ನೂರು ನಿಜ. ನನ್ನ ಹೆಂಗಸರು ನಗಿಸಲಿಕ್ಕೆ ಅಂತ ಮಾತಾಡುತ್ತಿಲ್ಲ. ಇಡೀ ದಿನ ಕಾಯಿ ಬಿಡಿಸಿ ಬೆರಳು ಉರಿಯುತ್ತಿರುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತು ಮಗಳ ಮದುವೆ, ಗಂಡನ ಕುಡಿತ, ಸಂಘದ ಸಾಲ ಎಲ್ಲ ಮಾತಾಡುತ್ತಾರೆ. ಅದನ್ನು ಓದುವವರು ನಕ್ಕು ಮುಂದೆ ಹೋದರೆ ನಾನು ಬರೆದದ್ದು ದಂಡ.

ತಿದ್ದುಪಡಿ

ಕೆಲವು ವರ್ಷಗಳಿಂದ ಹೊಸಬರ ಹಸ್ತಪ್ರತಿ ಓದಿ ತಿದ್ದುವ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಹಾಕಿದ ತುಣುಕು ಚೆನ್ನಾಗಿದೆ. ಅದರಲ್ಲಿ ಕಷ್ಟವಾದದ್ದು ಒಂದೇ ಶಬ್ದ. "ಏರವಲ್ದು", "ಅವರರ" ಎರಡನ್ನೂ ಮಂಡ್ಯದವರು ಹಿಡಿದರು, ಯಾಕೆಂದರೆ ಮಾತಿನ ಓಟ ಅರ್ಥ ಹೇಳುತ್ತದೆ. ತುಂಬು ಮಾತ್ರ ಬೇರೆ ಕಡೆ ಬೇರೆ ಅರ್ಥ ಕೊಡುವ ಶಬ್ದ, ಅದಕ್ಕೇ ಎಡವಿಸಿತು. ಅದನ್ನು ತೆಗೆಯಬೇಕಿಲ್ಲ, ಬ್ರಾಕೆಟ್ಟಿನಲ್ಲಿ ಅರ್ಥವನ್ನೂ ಕೊಡಬೇಡಿ. ಆ ಮಾತಿಗೆ ಮುಂಚೆ ಒಬ್ಬಳು ಕಾಯಿ ಹಿಡಿದು ತೊಟ್ಟು ಮುರಿದು ಪಕ್ಕಕ್ಕೆ ಎಸೆಯಲಿ. ಕೆಳಗೆ ತುಂಬಿನ ಗುಡ್ಡೆ ಬೆಳೆಯಲಿ. ಆಮೇಲೆ ಮಾತು ಬರಲಿ. ಓದುಗ ಕಣ್ಣಿಂದ ಕಲಿತಿರುತ್ತಾನೆ.

ಎರಡನೆಯದು, ಉಚ್ಚಾರ ಬರೆಯುವುದು ಬೇರೆ, ಮಾತು ಬರೆಯುವುದು ಬೇರೆ. ಹೊಸಬರು ಪ್ರತಿ ಶಬ್ದದ ಬಾಲ ಕತ್ತರಿಸಿ, ಅರ್ಧಾಕ್ಷರ ಹಾಕಿ, ಕಿವಿಗೆ ಕೇಳಿದ್ದನ್ನೆಲ್ಲ ಬರೆಯುತ್ತಾರೆ. ಪುಟ ನೋಡಿದರೆ ಮುಳ್ಳು. ಮಾತಿನ ಜೀವ ಕ್ರಿಯಾಪದದ ಕೊನೆಯಲ್ಲಿದೆ, ಕರೆಯುವ ರೀತಿಯಲ್ಲಿದೆ, ಯಾವ ಶಬ್ದ ಮೊದಲು ಬರುತ್ತದೆ ಅನ್ನುವುದರಲ್ಲಿದೆ. "ಬಿಡಸಾಕ", "ಏರವಲ್ದು", "ಸಾವಕಾರ್ರು" ಇವನ್ನು ಗಟ್ಟಿಯಾಗಿ ಹಿಡಿಯಿರಿ. "ನಾಳಿ"ಯೋ "ನಾಳೆ"ಯೋ ಅನ್ನುವುದನ್ನು ಒಮ್ಮೆ ತೀರ್ಮಾನಿಸಿ ಕೊನೆತನಕ ಹಾಗೇ ಇಡಿ. ಒಂದು ಪುಟದಲ್ಲಿ "ಬಿಡಸಾಕ", ಇನ್ನೊಂದರಲ್ಲಿ "ಬಿಡಿಸಲಿಕ್ಕೆ" ಅಂತ ಒಬ್ಬಳೇ ಹೇಳಿದರೆ ಓದುಗನಿಗೆ ಅವಳ ಮೇಲೆ ನಂಬಿಕೆ ಹೋಗುತ್ತದೆ.

ಮೂರನೆಯದು ಪ್ರಶ್ನೆ. ಆ ಮಗಳು ಹೇಗೆ ಮಾತಾಡುತ್ತಾಳೆ? ನೀವು ಅವಳ ಒಂದು ಸಾಲನ್ನೂ ಹಾಕಿಲ್ಲ.

ಹ್ವಾಯ್ ಕುಂದಾಪ್ರ

ತಿದ್ದುಪಡಿಯವರ ಎರಡನೇ ಮಾತಿಗೆ ವೈದೇಹಿಯವರ ಕತೆಗಳು ಒಳ್ಳೆಯ ಉದಾಹರಣೆ. ಕುಂದಾಪುರದ ಕನ್ನಡ, ಬೇರೆ ಊರಿನವರಿಗೆ ಕಿವಿಯಲ್ಲಿ ಕೇಳಿದರೆ ಅರ್ಧ ಹಾರಿಹೋಗುತ್ತದೆ. ಆದರೆ ಅವರ ಕತೆಯ ಅಕ್ಕುವನ್ನು ಬೀದರಿನವರೂ ಪ್ರೀತಿಸುತ್ತಾರೆ. ಹೆಂಗಸರು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ ಆಡುವ ಮಾತಿನ ಧಾಟಿ ಅವರಿಗೆ ಸಿಕ್ಕಿದೆ. 'ಕ್ರೌಂಚ ಪಕ್ಷಿಗಳು' 2009ರ ಅಕಾಡೆಮಿ ಪ್ರಶಸ್ತಿ ಪಡೆದ ಸಂಕಲನ. ಅಲ್ಲಿಂದ ಶುರು ಮಾಡಿ.

ಸಾಲುಮರ

ಅಕಾಡೆಮಿ ಪ್ರಶಸ್ತಿ ಬಂದಿದೆ ಅಂದ ಮಾತ್ರಕ್ಕೆ ಜನ ಓದಿದರು ಅಂತ ಅಲ್ಲ. ಮೆಟ್ರೋ ಓದುಗರ ಪ್ರಶ್ನೆ ಇನ್ನೂ ಹಾಗೇ ಇದೆ. ಊರ ಮಾತಿನ ಪುಸ್ತಕವನ್ನು ಊರಿನವರಾದರೂ ಓದುತ್ತಿದ್ದಾರಾ?

ಕಲಬುರ್ಗಿ ಬಿಸಿಲು

ನಾನು ಓದಿದೆ ಅಂತ ಮೇಲೆ ಬರೆದೆನಲ್ಲ!

ಅಟ್ಟದ ಮೇಲೆ

ಧಾರವಾಡದಿಂದ. ನಮ್ಮ ಕಡೆಯ ಎರಡು ಹಳೆಯ ಕಾದಂಬರಿಗಳನ್ನು ಇನ್ನೂ ಯಾರೂ ಹೇಳಿಲ್ಲ ಅಂತ ಅಚ್ಚರಿ. ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ', 1956. ರಾವಬಹಾದ್ದೂರರ 'ಗ್ರಾಮಾಯಣ', 1957. ಕೆಂಪುಮೆಣಸು ಅವರು ಬೇರೆ ಎಲ್ಲ ಪಕ್ಕಕ್ಕಿಟ್ಟು ಇವೆರಡನ್ನು ಮೊದಲು ಓದಬೇಕು.

'ಗಂಗವ್ವ ಗಂಗಾಮಾಯಿ'ಯಲ್ಲಿ ಮಾತು ಮಾಹಿತಿ ಕೊಡಲಿಕ್ಕೆ ಬರುವುದಿಲ್ಲ. ಮಾತಿನ ಒಳಗೇ ಹಟ, ಹೊಟ್ಟೆಕಿಚ್ಚು, ಲೆಕ್ಕಾಚಾರ ಎಲ್ಲ ನಡೆಯುತ್ತದೆ. 'ಗ್ರಾಮಾಯಣ'ದಲ್ಲಿ ಒಂದು ಹಳ್ಳಿ ಹೇಗೆ ತಾನೇ ತನ್ನನ್ನು ತಿಂದುಕೊಂಡಿತು ಅನ್ನುವುದಿದೆ. ಹತ್ತಾರು ಜನ, ಪ್ರತಿಯೊಬ್ಬರದೂ ಬೇರೆ ದನಿ. ಮಾರ್ಕೆಟ್ಟಿನ ಗದ್ದಲ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಧಾರವಾಡಕ್ಕೆ ಬಂದರೆ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ. 1933ರಲ್ಲಿ ಶುರುವಾದ ಸಂಸ್ಥೆ. ಕನ್ನಡದ ದೊಡ್ಡ ದೊಡ್ಡ ಲೇಖಕರು ಆ ಮೆಟ್ಟಿಲು ಹತ್ತಿಳಿದಿದ್ದಾರೆ.

ರಾಗಿಮುದ್ದೆ

'ಗ್ರಾಮಾಯಣ' ಎಲ್ಲಿ ಸಿಗುತ್ತದೆ? ಬಹಳ ದಿನದಿಂದ ಹುಡುಕುತ್ತಿದ್ದೇನೆ.

ಅಟ್ಟದ ಮೇಲೆ

ಹೊಸ ಪ್ರತಿ ಸಿಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ. ಹಳೆಯ ಕಾದಂಬರಿಗಳು ಹಿಂದಿನ ಬೀರುಗಳಲ್ಲಿ ಇರುತ್ತವೆ. ಎದುರಿನ ಕಪಾಟು ನೋಡಿ ಇಲ್ಲ ಅಂತ ವಾಪಸ್ ಬರಬೇಡಿ, ಗ್ರಂಥಪಾಲಕರಿಗೆ ಹೆಸರು ಬರೆದು ಕೊಡಿ.

ಮೆಟ್ರೋ ಓದುಗ

ಇದೇ ನನಗೆ ಬೇಸರ. ಒಳ್ಳೆಯ ಪುಸ್ತಕ ಅಂತ ಹತ್ತು ಹೆಸರು ಬರುತ್ತವೆ, ಅಂಗಡಿಗೆ ಹೋದರೆ ನಾಲ್ಕು ಸಿಗುವುದಿಲ್ಲ. ತೇಜಸ್ವಿ ಯಾವಾಗಲೂ ಸಿಗುತ್ತಾರೆ, ಭೈರಪ್ಪ ಸಿಗುತ್ತಾರೆ. ಉಳಿದವರು ಮರುಮುದ್ರಣಕ್ಕೆ ಕಾಯಬೇಕು.

ಕಪಿಲಾತೀರ

ತೇಜಸ್ವಿ ಹೆಸರು ಬಂತಲ್ಲ, ಒಂದು ಮಾತು. 'ಕರ್ವಾಲೊ'ದಲ್ಲಿ ಮಂದಣ್ಣ ಮಾತಾಡುವುದಕ್ಕೂ ವಿಜ್ಞಾನಿ ಕರ್ವಾಲೊ ಮಾತಾಡುವುದಕ್ಕೂ ಎಷ್ಟು ವ್ಯತ್ಯಾಸ! ಆದರೆ ಯಾರ ಮಾತೂ ಕೀಳಲ್ಲ. ಕಾಡಿನ ವಿಷಯದಲ್ಲಿ ಮಂದಣ್ಣನ ಮಾತಿಗೇ ಜಾಸ್ತಿ ತೂಕ. ಊರ ಮಾತಾಡುವವನು ಪೆದ್ದ, ಪುಸ್ತಕದ ಮಾತಾಡುವವನು ಜಾಣ ಅನ್ನುವ ಲೆಕ್ಕವನ್ನು ಆ ಪುಸ್ತಕ ಒಡೆದು ಹಾಕಿತು.

ನ್ಯೂಜೆರ್ಸಿ ಕನ್ನಡತಿ

ಸಾಗರದವಳು, ಈಗ ಇಲ್ಲಿ. ಇಂಗ್ಲಿಷಿನಲ್ಲಿ ಓದುವ ನನ್ನ ಸ್ನೇಹಿತೆಯರು ಈಗ ಕನ್ನಡದ ಬಗ್ಗೆ ಕೇಳುತ್ತಾರೆ. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಗೆದ್ದ ಮೇಲೆ ಶುರುವಾಯಿತು. ಅನುವಾದಕಿ ದೀಪಾ ಭಾಸ್ತಿ ಕನ್ನಡದ ಶಬ್ದಗಳನ್ನು ಹಾಗೇ ಇಟ್ಟಿದ್ದಾರೆ. ಓರೆ ಅಕ್ಷರ ಇಲ್ಲ, ಅಡಿಟಿಪ್ಪಣಿ ಇಲ್ಲ. ಕನ್ನಡದ ಗಂಧಗಾಳಿ ಇಲ್ಲದವರು ಇಂಗ್ಲಿಷಿನಲ್ಲಿ ಆ ಶಬ್ದಗಳನ್ನು ದಾಟಿಕೊಂಡು ಓದುತ್ತಾರೆ. ಹಾಗಿರುವಾಗ ಬೆಂಗಳೂರಿನ ಕನ್ನಡಿಗರಿಗೆ ಬ್ಯಾಡಗಿಯ ಒಂದು ಶಬ್ದ ಕಷ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೆಟ್ರೋ ಓದುಗ

ಇದು ಒಳ್ಳೆಯ ಮಾತು. ಅನುವಾದದಲ್ಲಿ ಓದುಗ ಮೊದಲೇ ತಯಾರಾಗಿರುತ್ತಾನೆ, ಬೇರೆ ನಾಡಿಗೆ ಹೋಗುತ್ತಿದ್ದೇನೆ ಅಂತ ಗೊತ್ತಿರುತ್ತದೆ. ನಮ್ಮದೇ ಭಾಷೆ ಅಂದುಕೊಂಡು ಹೋದಾಗ ತಾಳ್ಮೆ ಕಡಿಮೆ. ಆದರೆ ತಿದ್ದುಪಡಿಯವರು ಹೇಳಿದ ಹಾಗೆ ತೊಟ್ಟು ಮುರಿದು ತೋರಿಸಿದರೆ ನನಗೂ ತೊಂದರೆ ಇಲ್ಲ. ಅಷ್ಟರ ಮಟ್ಟಿಗೆ ಒಪ್ಪಿದೆ.

ನಾಟಕದವನು

ನಾಟಕದಲ್ಲಿ ಪಾತ್ರ ಮಾಡುತ್ತೇನೆ. ನನ್ನ ಸಲಹೆ ಸುಲಭ. ಬರೆದ ಮಾತನ್ನು ಜೋರಾಗಿ ಓದಿ. ನೀವು ಓದುವುದಕ್ಕಿಂತ ಬೇರೆಯವರಿಂದ ಓದಿಸಿದರೆ ಇನ್ನೂ ಒಳ್ಳೆಯದು. ಎಲ್ಲಿ ಅವರ ನಾಲಿಗೆ ತೊಡರಿತೋ ಅಲ್ಲಿ ಗೆರೆ ಹಾಕಿ. ಎಲ್ಲಿ ಅವರೇ ಒಂದು ಶಬ್ದ ಬದಲಿಸಿ ಓದಿದರೋ ಅಲ್ಲಿ ಅವರದೇ ಸರಿ, ನಿಮ್ಮದು ಬೇಡ. ಬ್ಯಾಡಗಿಯಲ್ಲಿ ಕಾಯಿ ಬಿಡಿಸಿದ ಅಜ್ಜಿ ಯಾರಾದರೂ ಕೇಳಿ ಸೈ ಅಂದರೆ ಅದೇ ದೊಡ್ಡ ಪ್ರಶಸ್ತಿ.

ಕೆಂಪುಮೆಣಸು

ನಮ್ಮ ದೊಡ್ಡವ್ವ ಇದ್ದಾರೆ, ಈಗಲೂ ಸೀಸನ್ನಿನಲ್ಲಿ ಹೋಗುತ್ತಾರೆ. ಅವರ ಮುಂದೆ ಓದುತ್ತೇನೆ. ಇದು ಯಾಕೋ ಹೊಳೆದೇ ಇರಲಿಲ್ಲ.

ಇನ್ನೊಂದು ಕಷ್ಟ. ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡುವ ಅಭ್ಯಾಸ ನನಗೆ. "ಬಿಡಸಾಕ" ಅಂದರೆ ಅದು "ಬಿಡಿಸಲು" ಅಂತಲೋ, ಇನ್ನೇನೋ ಅಂತಲೋ ಹಾಕುತ್ತದೆ. ತಿದ್ದಿ ತಿದ್ದಿ ಸಾಕಾಗಿದೆ.

ರಾಗಿಮುದ್ದೆ

ನಮಗೂ ಅದೇ ಗೋಳು. "ಬುಡು" ಅಂದರೆ "ಬಿಡು" ಆಗುತ್ತದೆ. ಮಾತುಕತೆಯನ್ನು ಪೆನ್ನಲ್ಲೇ ಬರೆಯಿರಿ.

ಸಾಲುಮರ

ವಿಷಯ ಎಲ್ಲಿಗೋ ಹೋಯಿತು. ಆದರೂ ಮಾರ್ಕೆಟ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮಾವನವರು ಬಳ್ಳಾರಿ ಕಡೆಯಿಂದ ಬ್ಯಾಡಗಿಗೆ ಕಾಯಿ ತರುತ್ತಿದ್ದರು. ಅಲ್ಲಿ ಹಾವೇರಿ ಮಾತು ಒಂದೇ ಅಲ್ಲ. ರಾಯಚೂರಿನವರು, ಬಳ್ಳಾರಿಯವರು, ಆಂಧ್ರದ ತೆಲುಗು ರೈತರು, ಹೊರಗಿನ ಖರೀದಿದಾರರ ಹಿಂದಿ ಎಲ್ಲ ಸೇರಿರುತ್ತದೆ. ಸೋಮವಾರ, ಗುರುವಾರ ಟೆಂಡರ್. ಡಬ್ಬಿ ಕಾಯಿಗೆ ಎಷ್ಟು, ಕಡ್ಡಿ ಕಾಯಿಗೆ ಎಷ್ಟು ಅಂತ ಪಟ್ಟಿ ಬರುವ ತನಕ ರೈತರಿಗೆ ಜೀವದಲ್ಲಿ ಜೀವ ಇರುವುದಿಲ್ಲ. ನಿಮ್ಮ ಕಾದಂಬರಿಯಲ್ಲಿ ಈ ಎಲ್ಲ ದನಿ ಬಂದರೆ ಬೆಂಗಳೂರಿನವರಿಗೆ ಅರ್ಥವಾಗುತ್ತೋ ಇಲ್ಲವೋ ಅನ್ನುವ ಪ್ರಶ್ನೆ ಸಣ್ಣದಾಗುತ್ತದೆ. ಅಲ್ಲಿ ನಿಂತವರಿಗೇ ಎಲ್ಲ ಮಾತೂ ಅರ್ಥವಾಗಿರುವುದಿಲ್ಲ. ಆದರೂ ವ್ಯಾಪಾರ ನಡೆಯುತ್ತದೆ.

ತಿದ್ದುಪಡಿ

ಸಾಲುಮರ ಅವರ ಮಾತು ಬಂಗಾರ. ಕೆಂಪುಮೆಣಸು ಅವರೇ, ಇದನ್ನು ಬರೆದಿಟ್ಟುಕೊಳ್ಳಿ. ನನ್ನ ಪ್ರಶ್ನೆಗೆ ಉತ್ತರ ಬಾಕಿ ಇದೆ.

ಕೆಂಪುಮೆಣಸು

ಮಗಳ ಮಾತು. ಅಲ್ಲೇ ನಿಂತಿದೆ. ಅವಳು ಹಾವೇರಿಯಲ್ಲಿ ಬಿ.ಕಾಂ. ಮಾಡಿದವಳು. ಮೊದಲ ಮೂರು ಅಧ್ಯಾಯದಲ್ಲಿ ಅವಳು ಮನೆಯಲ್ಲೇ ಇರುತ್ತಾಳೆ, ಅವ್ವನ ಹಾಗೇ ಮಾತಾಡುತ್ತಾಳೆ. ನಾಲ್ಕನೆಯದರಲ್ಲಿ ಅಂಗಡಿಗೆ ಬರುತ್ತಾಳೆ. ಸಾವಕಾರರ ಮುಂದೆ, ಹೊರಗಿನ ವ್ಯಾಪಾರಿಗಳ ಮುಂದೆ, ಫೋನಿನಲ್ಲಿ ಹೇಗೆ ಮಾತಾಡಬೇಕು ಅಂತ ಗೊತ್ತಾಗುತ್ತಿಲ್ಲ. ಸಂಜೆ ಕೂಲಿ ಬಟವಾಡೆ ಅವಳ ಕೆಲಸ. ಪಟ್ಟಿ ಹಿಡಿದು ಹೆಸರು ಕೂಗಬೇಕು, ಎಷ್ಟು ಕಿಲೋ ಬಿಡಿಸಿದರು ಅಂತ ಓದಬೇಕು. ಆ ಸಾಲಿನಲ್ಲಿ ಅವಳ ಅವ್ವನೂ ನಿಂತಿದ್ದಾಳೆ.

ತಿದ್ದುಪಡಿ

ಅಷ್ಟೇ. ನೀವು ನಿಂತದ್ದು ಗೆಳತಿಯ ಮಾತಿನಿಂದ ಅಲ್ಲ. ಕತೆಯ ಗಟ್ಟಿ ಜಾಗಕ್ಕೆ ಬಂದು ನಿಂತಿದ್ದೀರಿ. ಮನೆಯಲ್ಲಿ "ಯವ್ವಾ, ಬಾ" ಅನ್ನುವವಳು ಅಂಗಡಿಯಲ್ಲಿ ಎಲ್ಲ ಹೆಂಗಸರಿಗೂ "ಬರ್ರಿ" ಅನ್ನುತ್ತಾಳಾ? ಅವ್ವನಿಗೂ "ಬರ್ರಿ" ಅನ್ನುತ್ತಾಳಾ? ಅಥವಾ ಅವ್ವನ ಹೆಸರು ಬಂದಾಗ ಹೆಸರು ಕೂಗದೆ ಸುಮ್ಮನೆ ದುಡ್ಡು ಚಾಚುತ್ತಾಳಾ? ಊರ ಮಾತು ಎಷ್ಟು ಇರಬೇಕು ಅಂತ ನಮ್ಮನ್ನು ಕೇಳಿದಿರಿ. ಅದೇ ಪ್ರಶ್ನೆ ಆ ಹುಡುಗಿಗೂ ಇದೆ. ಅವಳು ಏನು ಮಾಡುತ್ತಾಳೆ ಅಂತ ಬರೆಯಿರಿ.

ನ್ಯೂಜೆರ್ಸಿ ಕನ್ನಡತಿ

ಓದುತ್ತಾ ಮೈ ಜುಂ ಅಂದಿತು. ನಾನು ಇಲ್ಲಿ ಆಫೀಸಿನ ಕಾಲ್ ಮಧ್ಯೆ ಅಮ್ಮನ ಫೋನ್ ಬಂದರೆ ಯಾವ ದನಿಯಲ್ಲಿ ಹಲೋ ಅನ್ನಬೇಕು ಅಂತ ಒಂದು ಕ್ಷಣ ತಡವರಿಸುತ್ತೇನೆ.

ಹ್ವಾಯ್ ಕುಂದಾಪ್ರ

ಊರು ಬಿಟ್ಟವರ ಮಾತು ಬಂತು ಅಂತ ಹೇಳುತ್ತೇನೆ, ಯಶವಂತ ಚಿತ್ತಾಲರನ್ನು ಓದಿ. ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದವರು. ಆದರೆ ಕತೆಗಳಲ್ಲಿ ಹುಟ್ಟೂರು ಹನೇಹಳ್ಳಿಗೆ ಮತ್ತೆ ಮತ್ತೆ ಹೋಗುತ್ತಾರೆ. 1979ರ 'ಶಿಕಾರಿ' ಮುಂಬಯಿಯ ಕಂಪನಿ ಜಗತ್ತಿನ ಕಾದಂಬರಿ. ಅಲ್ಲಿ ನಾಗಪ್ಪನ ತಲೆಯೊಳಗೆ ಓಡುವ ಮಾತು ನೋಡಿ. ಹೊರಗೆ ಒಂದು ಮಾತು, ಒಳಗೆ ಇನ್ನೊಂದು ಮಾತು ಇರುವವರನ್ನು ಬರೆಯಲು ಅದು ದಾರಿ ತೋರಿಸುತ್ತದೆ.

ಸಾಲುಮರ

ಮುಗಿದ ಮೇಲೆ ಪ್ರಕಾಶನದ ದಾರಿ ಏನು? ಅದನ್ನೂ ಯಾರಾದರೂ ಹೇಳಿ, ನನ್ನ ತಂಗಿಯೂ ಬರೆಯುತ್ತಾಳೆ.

ತಿದ್ದುಪಡಿ

ಸಣ್ಣಕತೆಯಾದರೆ ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಸ್ಪರ್ಧೆ ಹಳೆಯದು, ಗೌರವದ್ದು. ಕಥಾಸಂಕಲನದ ಹಸ್ತಪ್ರತಿ ಇದ್ದರೆ ಛಂದ ಪುಸ್ತಕ ಬಹುಮಾನ ಇದೆ, ಹೊಸ ಕತೆಗಾರರಿಗೆ ಅಂತಲೇ. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದಿಂದ ಪ್ರೋತ್ಸಾಹಧನದ ಯೋಜನೆಯೂ ಇದೆ, ಪ್ರಕಟಣೆ ಬಂದಾಗ ನಿಯಮ ಓದಿ ಅರ್ಜಿ ಹಾಕಲಿ. ಕಾದಂಬರಿಗೆ ಪ್ರಕಾಶಕರನ್ನೇ ಕೇಳಬೇಕು. ಹಣ ಕೊಟ್ಟರೆ ಅಚ್ಚು ಹಾಕುತ್ತೇವೆ ಅನ್ನುವವರ ಹತ್ತಿರ ಹೋಗುವ ಮುಂಚೆ ಅವರು ಹಿಂದೆ ತಂದ ಪುಸ್ತಕ ಅಂಗಡಿಯಲ್ಲಿ ಸಿಗುತ್ತದಾ ಅಂತ ನೋಡಿ.

ಕೆಂಪುಮೆಣಸು

ರಾತ್ರಿ ಕೂತು ಇಷ್ಟು ಬರೆದೆ. ಹೇಗಿದೆ ಹೇಳಿ.

ಅವಳು ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತ ಬಂದಳು. "ಶಾಂತವ್ವ, ಹದಿನೆಂಟು ಕಿಲೋ. ಬರ್ರಿ. ಫಕ್ಕೀರವ್ವ, ಇಪ್ಪತ್ತು. ಬರ್ರಿ." ಬೆರಳು ಕೆಳಗಿಳಿದು ನಿಂತಿತು. ಸಾವಕಾರರು ಫೋನಿನಲ್ಲಿದ್ದರು, ಕಣ್ಣು ಇತ್ತ ಇತ್ತು. "ಇಪ್ಪತ್ತೆರಡು ಕಿಲೋ," ಅಂದಳು. ಹೆಸರು ಹೇಳಲಿಲ್ಲ. ಅವ್ವ ಮುಂದೆ ಬಂದು ಸೆರಗಿನಿಂದ ಕೈ ಒರೆಸಿಕೊಂಡಳು. "ನನಗೂ ಹೆಸರ ಐತೆಲ್ಲವಾ. ಕೂಗ."

ಕಪಿಲಾತೀರ

ಅಬ್ಬಾ. "ಕೂಗ" ಅನ್ನುವ ಒಂದೇ ಶಬ್ದ ಸಾಕು.

ಮೆಟ್ರೋ ಓದುಗ

ಎಲ್ಲವೂ ಅರ್ಥವಾಯಿತು. ಮುಂದಿನ ಪುಟ ಕೊಡಿ.

ಕಲಬುರ್ಗಿ ಬಿಸಿಲು

ಒಂದೇ ತಕರಾರು. "ಐತೆಲ್ಲವಾ" ಅನ್ನುವ ಮೊದಲು ಅವ್ವ ಸುತ್ತಲಿನ ಹೆಂಗಸರನ್ನು ನೋಡಬೇಕು ಅನ್ನಿಸುತ್ತದೆ. ನಮ್ಮವ್ವ ಆಗಿದ್ದರೆ ಅಷ್ಟು ಮಂದಿ ಮುಂದೆ ಮಗಳಿಗೆ ಮುಖ ಕೊಟ್ಟು ಹೇಳುತ್ತಿರಲಿಲ್ಲ. ಪಕ್ಕದವಳಿಗೆ ಹೇಳುವ ಹಾಗೆ ಹೇಳುತ್ತಿದ್ದಳು, ಮಗಳಿಗೆ ಕೇಳುವ ಹಾಗೆ.

ಅಟ್ಟದ ಮೇಲೆ

ಕಲಬುರ್ಗಿಯವರ ಮಾತು ಕೇಳಿ. "ನನಗೂ ಹೆಸರ ಐತ್ಯವ್ವ ಶಾಂತವ್ವ, ಕೂಗಾಕ ಹೇಳ" ಅಂತ ಪಕ್ಕದವಳ ಕಡೆ ತಿರುಗಿ ಅಂದರೆ ಪೆಟ್ಟು ಇನ್ನೂ ಜೋರು. ದೊಡ್ಡವ್ವನ ಮುಂದೆ ಎರಡೂ ಓದಿ, ಅವರು ಯಾವುದಕ್ಕೆ ತಲೆ ಆಡಿಸುತ್ತಾರೆ ಅಂತ ಬಂದು ತಿಳಿಸಿ.